ತವರಿನ ಹುಡುಗರಿಗೆ ಏಳು ಜಾಗ

1995ರ ನವೆಂಬರ್ 19ರಂದು ಕೆನಡಾದ ರೆಜೈನಾ ನಗರದಲ್ಲಿ ಗ್ರೇ ಕಪ್ ಫೈನಲ್ ನಡೆಯಿತು. ಕೆನಡಾದ ಗವರ್ನರ್ ಜನರಲ್ ಆಗಿದ್ದ ಅರ್ಲ್ ಗ್ರೇ ಕೊಟ್ಟ ಈ ಕಪ್ಪಿಗಾಗಿ ಅಲ್ಲಿನ ಫುಟ್‌ಬಾಲ್ ತಂಡಗಳು 1909ರಿಂದಲೂ ಸೆಣಸುತ್ತ ಬಂದಿವೆ. ಆ ದಿನ ಕಪ್ ಗಡಿ ದಾಟಿತು. ಅಮೆರಿಕದ ಬಾಲ್ಟಿಮೋರ್ ತಂಡ ಕ್ಯಾಲ್ಗರಿಯನ್ನು 37–20 ಅಂಕಗಳಿಂದ ಸೋಲಿಸಿ ಅದನ್ನು ತನ್ನೂರಿಗೆ ಒಯ್ದಿತು. ಅಮೆರಿಕದ ನಗರವೊಂದು ಗ್ರೇ ಕಪ್ ಗೆದ್ದದ್ದು ಅದೊಂದೇ ಸಲ.

ಆ ಸೋಲು ಕೆನಡಿಗರನ್ನು ಕಾಡಿದ್ದಕ್ಕೆ ಕಪ್ ಕೈತಪ್ಪಿದ್ದಷ್ಟೇ ಕಾರಣವಲ್ಲ. ಕೆನಡಾದ ತಂಡಗಳು ನಿಗದಿತ ಸಂಖ್ಯೆಯ ಸ್ವದೇಶಿ ಆಟಗಾರರನ್ನು ಕಣಕ್ಕಿಳಿಸಲೇಬೇಕಿತ್ತು. ಅಮೆರಿಕದ ಕಾರ್ಮಿಕ ಕಾನೂನು ಅಂಥ ಷರತ್ತನ್ನು ಒಪ್ಪುವುದಿಲ್ಲವಾದ್ದರಿಂದ ಬಾಲ್ಟಿಮೋರ್‌ಗೆ ಈ ಕಟ್ಟುಪಾಡು ಇರಲಿಲ್ಲ. ಇಡೀ ಅಮೆರಿಕದಿಂದ ಹೆಕ್ಕಿ ತಂದ ತಂಡವೊಂದು, ತವರಿನ ಹುಡುಗರಿಗೆ ಜಾಗ ಬಿಟ್ಟುಕೊಟ್ಟ ತಂಡದ ಎದುರು ನಿಂತಿತ್ತು. ಅಮೆರಿಕಕ್ಕೆ ಲೀಗನ್ನು ವಿಸ್ತರಿಸುವ ಪ್ರಯೋಗ ಆ ವರ್ಷಕ್ಕೇ ಮುಗಿಯಿತು. ಅಲ್ಲಿನ ತಂಡಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಬಾಲ್ಟಿಮೋರ್ ತಂಡದ ಮಾಲೀಕರು ಮಾಂಟ್ರಿಯಲ್‌ಗೆ ಬಂದು, ಅಲ್ಲಿ ನಿಂತುಹೋಗಿದ್ದ ಅಲುವೆಟ್ಸ್ ತಂಡಕ್ಕೆ ಮತ್ತೆ ಜೀವ ಕೊಟ್ಟರು.

ಕೆನಡಿಯನ್ ಫುಟ್‌ಬಾಲ್ ಲೀಗ್, ಅಂದರೆ ಸಿಎಫ್‌ಎಲ್, ಪ್ರತಿವರ್ಷ ವಸಂತದಲ್ಲಿ ನಡೆಸುವ ಆಟಗಾರರ ಡ್ರಾಫ್ಟನ್ನು ಅರಿಯಬೇಕಾದರೆ ಈ ಘಟನೆಯಿಂದಲೇ ಆರಂಭಿಸಬೇಕು. ಹೊರನೋಟಕ್ಕೆ ಅದು ಕಾಲೇಜು ಆಟಗಾರರನ್ನು ತಂಡಗಳಿಗೆ ಹಂಚುವ ಕಾರ್ಯಕ್ರಮ. ಒಳಹೊಕ್ಕು ನೋಡಿದರೆ, ದೈತ್ಯ ನೆರೆಯ ಪಕ್ಕದಲ್ಲಿ ಬದುಕುವ ದೇಶವೊಂದು ತನ್ನ ಮಕ್ಕಳಿಗೆ ತನ್ನದೇ ಅಂಗಳದಲ್ಲಿ ಜಾಗ ಕಾದಿರಿಸಿಕೊಂಡ ಬಗೆ.

ಆಟ ಒಂದೇ, ಅಳತೆ ಬೇರೆ

ಇಲ್ಲಿ ಫುಟ್‌ಬಾಲ್ ಎಂದರೆ ನಾವು ನೋಡುವ ಕಾಲ್ಚೆಂಡಾಟವಲ್ಲ. ಇದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟ. ರಗ್ಬಿಯ ಬಳಗಕ್ಕೆ ಸೇರಿದ್ದು. 1874ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹುಡುಗರು ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಆಡಿದ ಪಂದ್ಯಗಳು ಆ ದೇಶದಲ್ಲಿ ಈ ಆಟ ರೂಪುಗೊಳ್ಳಲು ನೆರವಾದವು. ಹೀಗಾಗಿ ಕೆನಡಾದವರಿಗೆ ಇದು ನೆರೆಯವರಿಂದ ಬಂದ ಎರವಲಲ್ಲ, ತಮ್ಮದೇ ವಿಶ್ವವಿದ್ಯಾಲಯಗಳ ಅಂಗಳದಲ್ಲಿ ಬೆಳೆದ ಆಟ. ಮೊದಲ ಗ್ರೇ ಕಪ್ ಗೆದ್ದದ್ದೂ ಟೊರೊಂಟೊ ವಿಶ್ವವಿದ್ಯಾಲಯದ ತಂಡವೇ.

ಕೆನಡಾದ ಆಟದಲ್ಲಿ ಒಂದು ಬದಿಗೆ 12 ಮಂದಿ, ಅಮೆರಿಕದಲ್ಲಿ 11. ಇಲ್ಲಿ ಹತ್ತು ಗಜ ಮುಂದೊತ್ತಲು ಮೂರು ಯತ್ನ, ಅಲ್ಲಿ ನಾಲ್ಕು. ಕೆನಡಾದ ಮೈದಾನ 110 ಗಜ ಉದ್ದ, 65 ಗಜ ಅಗಲವಿದ್ದು ಅಮೆರಿಕದ್ದಕ್ಕಿಂತ ದೊಡ್ಡದು. ಯತ್ನ ಕಡಿಮೆ, ಬಯಲು ವಿಶಾಲ ಆಗಿರುವುದರಿಂದ ಚೆಂಡು ಹೆಚ್ಚಾಗಿ ಗಾಳಿಯಲ್ಲಿ ಸಾಗುತ್ತದೆ, ಓಟಕ್ಕೂ ವೇಗ ಬೇಕು.

1958ರಲ್ಲಿ ಇಂದಿನ ರೂಪ ತಳೆದ ಲೀಗಿನಲ್ಲಿ ಈಗ ಒಂಬತ್ತು ತಂಡಗಳಿವೆ. ಪಶ್ಚಿಮದ ವ್ಯಾಂಕೂವರ್‌ನಿಂದ ಪೂರ್ವದ ಮಾಂಟ್ರಿಯಲ್‌ವರೆಗೆ ಅವು ಹರಡಿವೆ. 1873ರಲ್ಲಿ ಹುಟ್ಟಿದ ಟೊರೊಂಟೊ ಆರ್ಗೊನಾಟ್ಸ್‌ನಂಥ ಹಿರಿಯ ತಂಡವೂ, 2014ರಲ್ಲಿ ಕಣಕ್ಕಿಳಿದ ಒಟ್ಟಾವಾ ರೆಡ್‌ಬ್ಲ್ಯಾಕ್ಸ್‌ನಂಥ ಕಿರಿಯ ತಂಡವೂ ಅವುಗಳಲ್ಲಿವೆ. ಜೂನ್‌ನಲ್ಲಿ ಶುರುವಾಗುವ ಋತು ನವೆಂಬರಿನ ಚಳಿಯಲ್ಲಿ ಗ್ರೇ ಕಪ್ಪಿನೊಂದಿಗೆ ಮುಗಿಯುತ್ತದೆ.

ಹರಾಜಲ್ಲ, ಸರದಿ

ಐಪಿಎಲ್ ಹರಾಜನ್ನು ಕಂಡಿರುವ ನಮಗೆ ಡ್ರಾಫ್ಟಿನ ಲೆಕ್ಕಾಚಾರ ಮೊದಲಿಗೆ ವಿಚಿತ್ರವೆನಿಸಬಹುದು. ಹರಾಜಿನಲ್ಲಿ ಹಣ ಮಾತಾಡುತ್ತದೆ. ಹೆಚ್ಚು ಕೂಗಿದವರಿಗೆ ಆಟಗಾರ. ಡ್ರಾಫ್ಟಿನಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ತಂಡಗಳು ಸರದಿಯಂತೆ ಒಬ್ಬೊಬ್ಬ ಆಟಗಾರನ ಹೆಸರು ಹೇಳುತ್ತವೆ. ಹೆಸರು ಹೇಳಿದ ತಂಡಕ್ಕಷ್ಟೇ ಆ ಲೀಗಿನಲ್ಲಿ ಅವನೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು.

ಸರದಿ ನಿರ್ಧಾರವಾಗುವುದು ಹಿಂದಿನ ವರ್ಷದ ಸಾಧನೆಯನ್ನು ತಲೆಕೆಳಗು ಮಾಡಿ. ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ, ಗ್ರೇ ಕಪ್ ಗೆದ್ದವರಿಗೆ ಸುತ್ತಿನ ಕೊನೆಯ ಆಯ್ಕೆ. ಸೋತವರು ಮೇಲೇಳಲಿ, ಗೆದ್ದವರೇ ಗೆಲ್ಲುತ್ತ ಹೋಗದಿರಲಿ ಎಂಬುದು ಉದ್ದೇಶ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ 1936ರಲ್ಲಿ ಈ ಪದ್ಧತಿಯನ್ನು ಆರಂಭಿಸಿತು. ಶ್ರೀಮಂತ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಳ್ಳುವುದನ್ನು ತಡೆಯಲು ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್ ಸೂಚಿಸಿದ ಉಪಾಯ ಅದು. ಕೆನಡಾದ ಡ್ರಾಫ್ಟಿನ ಬೇರು 1950ರ ದಶಕದಲ್ಲಿದೆ.

ಇತ್ತೀಚಿನ ವರ್ಷಗಳಲ್ಲಿ ಸಿಎಫ್‌ಎಲ್ ಡ್ರಾಫ್ಟಿಗೆ ಎಂಟು ಸುತ್ತುಗಳಿವೆ. ಒಟ್ಟು 70ರ ಆಸುಪಾಸಿನಲ್ಲಿ ಹೆಸರುಗಳು ಹೊರಬರುತ್ತವೆ. ತಂಡಗಳು ತಮ್ಮ ಸರದಿಯನ್ನು ಪರಸ್ಪರ ಬದಲಾಯಿಸಿಕೊಳ್ಳಬಹುದು, ಅನುಭವಿ ಆಟಗಾರನೊಬ್ಬನಿಗಾಗಿ ಮುಂದಿನ ವರ್ಷದ ಸರದಿಯನ್ನೇ ಬಿಟ್ಟುಕೊಡಬಹುದು. ಕೋವಿಡ್‌ನಿಂದ 2020ರ ಋತುವೇ ರದ್ದಾದಾಗ ಸೋಲು–ಗೆಲುವಿನ ಪಟ್ಟಿಯೇ ಇರಲಿಲ್ಲ. ಹಾಗಾಗಿ 2021ರಲ್ಲಿ ಚೀಟಿ ಎತ್ತಿದಂತೆ ಕ್ರಮ ನಿಗದಿಪಡಿಸಿ, ಒಂದು ಸುತ್ತಿನಲ್ಲಿ ಕೊನೆಗೆ ಬಂದವರು ಮುಂದಿನ ಸುತ್ತಿನಲ್ಲಿ ಮೊದಲಿಗರಾಗುವಂತೆ ನೋಡಿಕೊಂಡರು.

ಡ್ರಾಫ್ಟಿನ ಹಿಂದಿರುವ ಅನುಪಾತ

ಅಮೆರಿಕದ ಡ್ರಾಫ್ಟಿಗೂ ಕೆನಡಾದ ಡ್ರಾಫ್ಟಿಗೂ ದೊಡ್ಡ ವ್ಯತ್ಯಾಸವೊಂದಿದೆ. ಸಿಎಫ್‌ಎಲ್ ತಂಡಗಳು ಅಮೆರಿಕದ ಆಟಗಾರರನ್ನು ಡ್ರಾಫ್ಟ್ ಮಾಡುವುದಿಲ್ಲ. ಅವರೊಂದಿಗೆ ನೇರವಾಗಿ ಒಪ್ಪಂದ ಮಾಡಿಕೊಳ್ಳುತ್ತವೆ. ಈ ಡ್ರಾಫ್ಟ್ ಇರುವುದು ಕೆನಡಾದವರೆಂದು ಲೀಗ್ ಪರಿಗಣಿಸುವ ಆಟಗಾರರಿಗಾಗಿ. ಕೆನಡಾದ ಪೌರತ್ವ ಇದ್ದವರು ಅಥವಾ ಬಾಲ್ಯದಲ್ಲಿ ಐದು ವರ್ಷ ಅಲ್ಲಿ ವಾಸವಿದ್ದವರು ಈ ಲೆಕ್ಕಕ್ಕೆ ಬರುತ್ತಾರೆ. ಅವರು ಓದಿದ್ದು ಕೆನಡಾದ ವಿಶ್ವವಿದ್ಯಾಲಯದಲ್ಲೇ ಆಗಬೇಕೆಂದಿಲ್ಲ. ಅಮೆರಿಕದ ಕಾಲೇಜುಗಳಿಗೆ ವಿದ್ಯಾರ್ಥಿವೇತನದ ಮೇಲೆ ಹೋದವರೂ ಪ್ರತಿವರ್ಷ ಪಟ್ಟಿಯಲ್ಲಿರುತ್ತಾರೆ.

ಈ ಆಟಗಾರರಿಗೆ ಬೇಡಿಕೆ ತರುವುದು ಅನುಪಾತದ ನಿಯಮ. ಆಕ್ರಮಣಕ್ಕೆ 12, ರಕ್ಷಣೆಗೆ 12 ಎಂದು ಒಂದು ತಂಡದಲ್ಲಿ 24 ಆರಂಭಿಕ ಆಟಗಾರರು. ಅವರಲ್ಲಿ ಕನಿಷ್ಠ ಏಳು ಮಂದಿ ಕೆನಡಾದವರಾಗಿರಬೇಕು. ಮೀಸಲು ಆಟಗಾರರಲ್ಲೂ ಅವರಿಗೆ ನಿಗದಿತ ಪಾಲಿದೆ. ಕೋಚ್ ತನ್ನ ಇಡೀ ತಂತ್ರವನ್ನು ಈ ಏಳು ಜಾಗಗಳ ಸುತ್ತ ಹೆಣೆಯಬೇಕು. ಒಬ್ಬ ಕೆನಡಾ ಆಟಗಾರ ಗಾಯಗೊಂಡರೆ ಅವನ ಜಾಗಕ್ಕೆ ಇನ್ನೊಬ್ಬ ಕೆನಡಾದವನೇ ಬರಬೇಕಾದ ಸಂದರ್ಭ ಬರುತ್ತದೆ. ಬೆಂಚಿನ ಮೇಲೆ ಅಂಥವನೊಬ್ಬ ಸಿದ್ಧನಿಲ್ಲದಿದ್ದರೆ ಅಮೆರಿಕದ ತಾರೆಯೊಬ್ಬನನ್ನೂ ಹೊರಗೆ ಕೂರಿಸಬೇಕಾಗಬಹುದು. ಆದ್ದರಿಂದಲೇ ಒಳ್ಳೆಯ ಡ್ರಾಫ್ಟ್ ಮಾಡುವ ತಂಡಗಳು ವರ್ಷಾನುಗಟ್ಟಲೆ ಬಲಿಷ್ಠವಾಗಿ ಉಳಿಯುತ್ತವೆ.

ಈ ನಿಯಮ ಯಾಕೆ ಬೇಕು ಎಂಬುದಕ್ಕೆ ಜನಸಂಖ್ಯೆಯೇ ಉತ್ತರ. ಕೆನಡಾದಲ್ಲಿ ಸುಮಾರು 4 ಕೋಟಿ ಜನ, ಅಮೆರಿಕದಲ್ಲಿ 34 ಕೋಟಿ. ಕೆನಡಾದ 27 ವಿಶ್ವವಿದ್ಯಾಲಯಗಳಲ್ಲಿ ಫುಟ್‌ಬಾಲ್ ತಂಡಗಳಿದ್ದರೆ ಅಮೆರಿಕದಲ್ಲಿ 600ಕ್ಕೂ ಹೆಚ್ಚು ಕಾಲೇಜುಗಳಲ್ಲಿವೆ. ಅಲ್ಲಿ ಪ್ರತಿವರ್ಷ ಎನ್‌ಎಫ್‌ಎಲ್‌ನಲ್ಲಿ ಜಾಗ ಸಿಗದೆ ಉಳಿಯುವ ಸಾವಿರಾರು ಪಳಗಿದ ಆಟಗಾರರು ಕೆಲಸ ಹುಡುಕುತ್ತಿರುತ್ತಾರೆ. ಕಟ್ಟುಪಾಡಿಲ್ಲದೆ ಬಿಟ್ಟರೆ ಯಾವ ಕೋಚ್ ಆದರೂ ಅವರನ್ನೇ ಆರಿಸಿಕೊಂಡಾನು. ಇದು ಹೊಸ ಆತಂಕವೂ ಅಲ್ಲ. 1935ರಲ್ಲಿ ವಿನಿಪೆಗ್ ತಂಡ ಅಮೆರಿಕದಿಂದ ಕರೆತಂದ ಆಟಗಾರರ ಬಲದಿಂದ ಗ್ರೇ ಕಪ್ ಗೆದ್ದಿತು. ಪಶ್ಚಿಮದ ತಂಡವೊಂದಕ್ಕೆ ಕಪ್ ಒಲಿದದ್ದು ಅದೇ ಮೊದಲು. ಮರುವರ್ಷವೇ ಆಟದ ಆಡಳಿತ ಮಂಡಳಿ ವಾಸದ ಷರತ್ತು ಹಾಕಿ ಹೊರಗಿನವರ ಪ್ರವೇಶವನ್ನು ಬಿಗಿಗೊಳಿಸಿತು.

ಆಟಗಾರರು ಈ ಅನುಪಾತವನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂಬುದು 2022ರ ಮೇ ತಿಂಗಳಲ್ಲಿ ಕಾಣಿಸಿತು. ವೇತನ ಒಪ್ಪಂದದ ಮಾತುಕತೆ ಮುರಿದು ಆಟಗಾರರು ಮುಷ್ಕರ ಹೂಡಿದರು. 1974ರ ನಂತರ ಲೀಗ್ ಕಂಡ ಮೊದಲ ಮುಷ್ಕರ ಅದು. ಕೊನೆಗೆ ಆಟಗಾರರ ಸಂಘ ಮತ್ತು ಲೀಗ್ ಒಂದು ಒಪ್ಪಂದಕ್ಕೆ ಬಂದರೂ ಆಟಗಾರರು ಮತ ಹಾಕಿ ಅದನ್ನು ತಿರಸ್ಕರಿಸಿದರು. ಕೆನಡಾದವರ ಪಾಲು ಸಡಿಲಗೊಳ್ಳುತ್ತದೆಂಬ ಅಸಮಾಧಾನವೂ ಅದರ ಕಾರಣಗಳಲ್ಲೊಂದು. ತಿದ್ದಿದ ಒಪ್ಪಂದ ಬಂದ ಮೇಲಷ್ಟೇ ಅವರು ಒಪ್ಪಿದರು.

ತೂಗಿ ನೋಡುವ ದಿನಗಳು

ಡ್ರಾಫ್ಟಿಗೆ ತಿಂಗಳುಗಳ ಮೊದಲೇ ಪರೀಕ್ಷೆ ಶುರುವಾಗುತ್ತದೆ. ಲೀಗಿನ ಸ್ಕೌಟಿಂಗ್ ಬ್ಯೂರೊ ಮುಂಚೂಣಿಯ 20 ಆಟಗಾರರ ಪಟ್ಟಿಯನ್ನು ಋತುವಿನಿಂದ ಋತುವಿಗೆ ಪರಿಷ್ಕರಿಸಿ ಪ್ರಕಟಿಸುತ್ತದೆ. ಮಾರ್ಚ್ ಹೊತ್ತಿಗೆ ಕಂಬೈನ್ ಎಂಬ ಶಿಬಿರ ನಡೆಯುತ್ತದೆ. ಅಲ್ಲಿ 40 ಗಜದ ಓಟ, ನಿಂತಲ್ಲಿಂದ ನೆಗೆತ, 225 ಪೌಂಡ್, ಅಂದರೆ ಸುಮಾರು 102 ಕಿಲೋ ಭಾರವನ್ನು ಮಲಗಿ ಎಷ್ಟು ಸಲ ಎತ್ತಬಲ್ಲರು ಎಂಬ ಲೆಕ್ಕ, ಒಬ್ಬರೆದುರು ಒಬ್ಬರನ್ನು ನಿಲ್ಲಿಸಿ ಸೆಣಸಿಸುವ ಪರೀಕ್ಷೆ ಎಲ್ಲವೂ ಇರುತ್ತವೆ. ಸಂದರ್ಶನವೂ ಉಂಟು. ಕಲಿಯುವ ಮನಸ್ಸಿದೆಯೇ, ಊರು ಬಿಟ್ಟು ಇರಬಲ್ಲನೇ ಎಂಬುದೂ ತಂಡಗಳಿಗೆ ಮುಖ್ಯ.

ಈ ಶ್ರದ್ಧೆ ಹಿಂದೆ ಹೀಗಿರಲಿಲ್ಲ. 1996ರ ಡ್ರಾಫ್ಟಿನಲ್ಲಿ ಮಾಂಟ್ರಿಯಲ್ ತಂಡ ಆರಿಸಿದ ಆಟಗಾರನೊಬ್ಬ ಅದಕ್ಕೂ ಕೆಲವು ತಿಂಗಳ ಮುಂಚೆಯೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದ. ದೂರದ ಕಾಲೇಜಿನ ಹುಡುಗನ ಬಗ್ಗೆ ತಂಡಕ್ಕೆ ಗೊತ್ತಿದ್ದದ್ದು ಕಾಗದದ ಮೇಲಿನ ಹೆಸರು ಮಾತ್ರ. ಆ ಕುಟುಂಬಕ್ಕೆ ಎಷ್ಟು ನೋವಾಗಿರಬೇಕು! ಇಂದು ಪ್ರತಿ ಆಟಗಾರನ ಪಂದ್ಯಗಳ ವಿಡಿಯೊ, ವೈದ್ಯಕೀಯ ವರದಿ, ಕೋಚ್‌ಗಳ ಅಭಿಪ್ರಾಯ ಎಲ್ಲವನ್ನೂ ತಂಡಗಳು ಕಲೆಹಾಕುತ್ತವೆ.

ಮೊದಲ ಸುತ್ತಿನಲ್ಲಿ ಹೆಚ್ಚಾಗಿ ಕೇಳಿಬರುವುದು ಆಫೆನ್ಸಿವ್ ಲೈನ್‌ನವರ ಹೆಸರು. ಚೆಂಡು ಎಸೆದು ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಂತೆ ನಿಲ್ಲುವ ಐದು ಮಂದಿ ಇವರು. ಚೆಂಡು ಹಿಡಿದು ಓಡುವುದು ಇವರ ಕೆಲಸವಲ್ಲ, ಇವರ ಹೆಸರು ಪತ್ರಿಕೆಯ ಶೀರ್ಷಿಕೆಗೂ ಏರುವುದಿಲ್ಲ. ಆದರೆ ಏಳು ಜಾಗಗಳಲ್ಲಿ ಮೂರನ್ನೋ ನಾಲ್ಕನ್ನೋ ಇಲ್ಲಿಯೇ ತುಂಬಿಕೊಂಡರೆ ಓಡುವ, ಹಿಡಿಯುವ ಜಾಗಗಳಿಗೆ ಅಮೆರಿಕದ ಚುರುಕು ಆಟಗಾರರನ್ನು ತರಬಹುದೆಂಬುದು ತಂಡಗಳ ಎಣಿಕೆ. 2015ರಲ್ಲಿ ಎರಡನೆಯವರಾಗಿ ವಿನಿಪೆಗ್ ಆರಿಸಿದ ಸುಖ್ ಚುಂಗ್ ಇದೇ ಸಾಲಿನ ಆಟಗಾರ. ಬ್ರಿಟಿಷ್ ಕೊಲಂಬಿಯಾದ ಪಂಜಾಬಿ ಮನೆತನದಲ್ಲಿ ಬೆಳೆದು ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಆಡಿದವರು. ಅವರಿಗಿಂತ ಮುಂಚೆ, 2004ರಲ್ಲಿ ಒಟ್ಟಾವಾದ ಆಗಿನ ತಂಡ ಆರಿಸಿದ ಪಾಕಿಸ್ತಾನಿ ಮೂಲದ ಓಬಿ ಖಾನ್ ಕೂಡ ಲೈನ್‌ನಲ್ಲೇ ನಿಂತವರು. ಆಟ ಬಿಟ್ಟ ಮೇಲೆ ಅವರು ರಾಜಕೀಯಕ್ಕೆ ಬಂದು 2025ರಲ್ಲಿ ಮ್ಯಾನಿಟೋಬ ಪ್ರಾಂತ್ಯದ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ನಾಯಕರಾದರು. ವಲಸಿಗರ ಮನೆಯ ಮಕ್ಕಳಿಗೂ ಈ ಏಳು ಜಾಗಗಳು ದಾರಿಯಾಗಿವೆ.

ಹೆನಾಕ್ ಮುವಾಂಬ ಅವರದ್ದು ಇನ್ನೂ ದೊಡ್ಡ ಕಥೆ. ಕಾಂಗೊದ ಕಿನ್ಶಾಸಾದಲ್ಲಿ ಹುಟ್ಟಿ, ಕೆನಡಾಕ್ಕೆ ಬಂದು, ನೋವಾ ಸ್ಕೋಷಿಯಾದ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯದಲ್ಲಿ ಆಡಿದ ಅವರನ್ನು 2011ರಲ್ಲಿ ವಿನಿಪೆಗ್ ಮೊಟ್ಟಮೊದಲ ಆಯ್ಕೆಯಾಗಿ ಕರೆಯಿತು. ಹನ್ನೊಂದು ವರ್ಷಗಳ ನಂತರ, 2022ರ ಗ್ರೇ ಕಪ್‌ನಲ್ಲಿ ಅವರು ಟೊರೊಂಟೊ ಪರವಾಗಿ ಅದೇ ವಿನಿಪೆಗ್ ವಿರುದ್ಧ ಆಡಿದರು. ಕೊನೆಯ ನಿಮಿಷಗಳಲ್ಲಿ ಎದುರಾಳಿಯ ಎಸೆತವನ್ನು ಕಸಿದರು. ಟೊರೊಂಟೊ 24–23ರಿಂದ ಗೆದ್ದಿತು. ಪಂದ್ಯದ ಅತ್ಯುತ್ತಮ ಆಟಗಾರ, ಅತ್ಯುತ್ತಮ ಕೆನಡಾ ಆಟಗಾರ ಎರಡೂ ಪ್ರಶಸ್ತಿ ಅವರಿಗೇ ಬಂದವು.

ದಕ್ಷಿಣದ ಸೆಳೆತ

ಡ್ರಾಫ್ಟಿನ ಲೆಕ್ಕವನ್ನು ತಪ್ಪಿಸುವ ಶಕ್ತಿ ಎನ್‌ಎಫ್‌ಎಲ್‌ಗಿದೆ. 2025ರಲ್ಲಿ ಅಲ್ಲಿ ಹೊಸಬನ ಕನಿಷ್ಠ ಸಂಬಳ 8,40,000 ಅಮೆರಿಕನ್ ಡಾಲರ್. ಸಿಎಫ್‌ಎಲ್‌ನಲ್ಲಿ ಕನಿಷ್ಠ ಸಂಬಳ 70,000 ಕೆನಡಾ ಡಾಲರ್‌ನ ಆಸುಪಾಸು. ದಕ್ಷಿಣದಿಂದ ಕರೆ ಬಂದ ಹುಡುಗ ಅಲ್ಲಿಗೆ ಹೋಗುವುದು ಸಹಜ. ಹಾಗಾಗಿ ದೇಶದ ಅತಿ ಪ್ರತಿಭಾವಂತ ಆಟಗಾರರು ಎಷ್ಟೋ ಸಲ ಇಲ್ಲಿನ ಡ್ರಾಫ್ಟಿನಲ್ಲಿ ಕೆಳಗಿನ ಸುತ್ತುಗಳಿಗೆ ಜಾರುತ್ತಾರೆ. 2020ರಲ್ಲಿ ಎನ್‌ಎಫ್‌ಎಲ್‌ನ ಡಲ್ಲಾಸ್ ತಂಡ ಮೂರನೆಯ ಸುತ್ತಿನಲ್ಲೇ ಕೊಂಡೊಯ್ದ ನೆವಿಲ್ ಗ್ಯಾಲಿಮೋರ್ ಅವರನ್ನು ಸಿಎಫ್‌ಎಲ್‌ನ ಸಸ್ಕಾಚೆವಾನ್ ತಂಡ ಆರಿಸಿದ್ದು ಎಂಟನೆಯ ಸುತ್ತಿನಲ್ಲಿ. ಎಂದಾದರೂ ತವರಿಗೆ ಮರಳಿದರೆ ನಮ್ಮಲ್ಲಿಗೇ ಬರಲಿ ಎಂಬ ನಿರೀಕ್ಷೆಯಷ್ಟೇ ಅದು.

ಮೆಕ್‌ಗಿಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಲೊರಾನ್ ಡುವೆರ್ನೆ–ಟಾರ್ಡಿಫ್ ಅವರನ್ನು 2014ರಲ್ಲಿ ಕ್ಯಾಲ್ಗರಿ ಮೂರನೆಯ ಸುತ್ತಿನಲ್ಲಿ ಆರಿಸಿತು. ಅದೇ ವಸಂತದಲ್ಲಿ ಎನ್‌ಎಫ್‌ಎಲ್‌ನ ಕನ್ಸಾಸ್ ಸಿಟಿ ಆರನೆಯ ಸುತ್ತಿನಲ್ಲಿ ಕರೆಯಿತು, ಅವರು ಅಲ್ಲಿಗೇ ಹೋದರು. ಆಡುತ್ತಲೇ ಓದಿ 2018ರಲ್ಲಿ ವೈದ್ಯ ಪದವಿ ಪಡೆದರು, 2020ರ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಕೋವಿಡ್ ಬಂದಾಗ ಆ ಋತುವನ್ನು ಬಿಟ್ಟು ಕ್ವಿಬೆಕ್‌ನ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸಕ್ಕೆ ನಿಂತರು. ಕೆನಡಾದ ವಿಶ್ವವಿದ್ಯಾಲಯ ಫುಟ್‌ಬಾಲ್ ಬೆಳೆಸುವ ವ್ಯಕ್ತಿಗಳು ಎಂಥವರೆಂದು ತೋರಿಸಲು ಅವರೊಬ್ಬರೇ ಸಾಕು.

ಕಾಯ್ದಿರಿಸದ ಒಂದು ಜಾಗ

ಅನುಪಾತವನ್ನು ಟೀಕಿಸುವವರೂ ಇದ್ದಾರೆ. ಸಾಮರ್ಥ್ಯವಿದ್ದವನು ಆಡಲಿ, ಪಾಸ್‌ಪೋರ್ಟ್ ಏಕೆ ನೋಡಬೇಕು ಎಂಬುದು ಅವರ ವಾದ. ಇದಕ್ಕೆ ಇತಿಹಾಸವೇ ಒಂದು ಉತ್ತರ ಕೊಟ್ಟಿದೆ. ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗವನ್ನು ದಶಕಗಳ ಕಾಲ ಅನುಪಾತದ ಲೆಕ್ಕದಿಂದ ಹೊರಗಿಟ್ಟಿದ್ದರು. ಅಲ್ಲಿ ಕೆನಡಾದವನನ್ನು ನಿಲ್ಲಿಸಿದರೆ ತಂಡಕ್ಕೆ ಯಾವ ಲಾಭವೂ ಇರಲಿಲ್ಲ.

1958ರಲ್ಲಿ ಒಟ್ಟಾವಾದ ಆಗಿನ ತಂಡ ಆರಿಸಿದ ರಸ್ ಜಾಕ್ಸನ್, ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಣಿತದ ವಿದ್ಯಾರ್ಥಿ. ರಕ್ಷಣೆಯ ಆಟಗಾರನಾಗಿ ಬಂದು ಕ್ವಾರ್ಟರ್‌ಬ್ಯಾಕ್ ಆದರು. ಒಂದೆಡೆ ಶಾಲೆಯಲ್ಲಿ ಪಾಠ ಹೇಳುತ್ತ ಇನ್ನೊಂದೆಡೆ ತಂಡ ನಡೆಸಿದರು. ಮೂರು ಸಲ ಗ್ರೇ ಕಪ್ ಗೆದ್ದು, 1963, 1966, 1969ರಲ್ಲಿ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು. 1969ರಲ್ಲಿ ಅವರು ನಿವೃತ್ತರಾದ ಮೇಲೆ ಕೆನಡಾದ ಕ್ವಾರ್ಟರ್‌ಬ್ಯಾಕ್ ಎಂಬ ಮಾತೇ ಅಪರೂಪವಾಯಿತು. ವಿಶ್ವವಿದ್ಯಾಲಯದಲ್ಲಿ ದಾಖಲೆ ಬರೆದ ಹುಡುಗರನ್ನು ಬೇರೆ ಜಾಗಕ್ಕೆ ಬದಲಿಸುತ್ತಿದ್ದರು, ಇಲ್ಲವೇ ಕರೆಯುತ್ತಲೇ ಇರಲಿಲ್ಲ. ಅದೇ ಅವಧಿಯಲ್ಲಿ ಲೈನ್‌ನಲ್ಲಿ, ಓಟದಲ್ಲಿ, ಹಿಡಿತದಲ್ಲಿ ಕೆನಡಾದವರು ಬೆಳೆದರು. ಕ್ಯಾಲ್ಗರಿ 2006ರಲ್ಲಿ ಎರಡನೆಯ ಸುತ್ತಿನಲ್ಲಿ ಆರಿಸಿದ ಜಾನ್ ಕಾರ್ನಿಶ್ 2013ರಲ್ಲಿ, ವಿನಿಪೆಗ್ 2019ರಲ್ಲಿ ಆರಿಸಿದ ಅದೇ ಊರಿನ ಹುಡುಗ ಬ್ರೇಡಿ ಒಲಿವೆರಾ 2024ರಲ್ಲಿ ಲೀಗಿನ ಅತ್ಯುತ್ತಮ ಆಟಗಾರರಾದರು.

2019ರ ಒಪ್ಪಂದದಲ್ಲಿ ನಿಯಮ ಬದಲಾಯಿತು. ಕೆನಡಾದ ಕ್ವಾರ್ಟರ್‌ಬ್ಯಾಕ್ ಆಡಿದರೆ ಅವನನ್ನೂ ಏಳರ ಲೆಕ್ಕಕ್ಕೆ ಸೇರಿಸಬಹುದಾಯಿತು. ಮರುವರ್ಷ ವ್ಯಾಂಕೂವರ್‌ನ ಬಿಸಿ ಲಯನ್ಸ್ ತಂಡ ಎರಡನೆಯ ಸುತ್ತಿನಲ್ಲಿ ನೇಥನ್ ರೂರ್ಕ್ ಅವರನ್ನು ಆರಿಸಿತು. 2022ರಲ್ಲಿ ಅವರು ಲೀಗನ್ನೇ ಬೆರಗುಗೊಳಿಸಿದರು, ಎನ್‌ಎಫ್‌ಎಲ್‌ಗೆ ಹೋಗಿ 2024ರಲ್ಲಿ ಮರಳಿದರು. 2025ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಜಾಕ್ಸನ್ ನಂತರ ಆ ಗೌರವಕ್ಕೆ ಪಾತ್ರರಾದ ಮೊದಲ ಕೆನಡಾ ಕ್ವಾರ್ಟರ್‌ಬ್ಯಾಕ್ ಅವರು. ರೂರ್ಕ್ ಗೆಲುವಿಗೆ ಅವರ ಪ್ರತಿಭೆ, ಶ್ರಮವೇ ಮೂಲ. ಆದರೆ ಅಂಥ ಪ್ರತಿಭೆ ಐವತ್ತು ವರ್ಷ ಕೆನಡಾದಲ್ಲಿ ಹುಟ್ಟಲೇ ಇಲ್ಲವೆಂದು ನಂಬಲು ಸಾಧ್ಯವೇ? ಹುಟ್ಟಿತ್ತು, ಅದಕ್ಕೆ ನಿಲ್ಲಲು ಜಾಗವಿರಲಿಲ್ಲ.

ಉಳಿಸಿಕೊಳ್ಳಬೇಕಾದದ್ದು

ಡ್ರಾಫ್ಟಿಗೂ ಮಿತಿಗಳಿವೆ. ಯಾವ ಊರಿನಲ್ಲಿ ಆಡಬೇಕೆಂಬುದನ್ನು ಹುಡುಗ ತಾನೇ ನಿರ್ಧರಿಸಲಾರ. ಫ್ರೆಂಚ್ ಮಾತಾಡುವ ಕ್ವಿಬೆಕ್‌ನ ಮನೆಯವನು ಸಾವಿರಾರು ಕಿಲೋಮೀಟರ್ ದೂರದ ವ್ಯಾಂಕೂವರ್‌ಗೆ ಹೋಗಬೇಕಾಗಬಹುದು. 1970ರ ದಶಕದಲ್ಲಿ ತಂಡಗಳು ತಮ್ಮ ಪ್ರದೇಶದ ಆಟಗಾರರನ್ನು ಮೊದಲೇ ಆರಿಸಿಕೊಳ್ಳುವ ಅವಕಾಶವಿತ್ತು, ಆಮೇಲೆ ಅದು ಹೋಯಿತು. 2022ರಿಂದ ಅದರ ಸಣ್ಣ ರೂಪವೊಂದು ಮರಳಿ ಬಂದಿದೆ. ಆಯ್ಕೆಯಾದವರೆಲ್ಲ ಉಳಿಯುವುದೂ ಇಲ್ಲ. ತರಬೇತಿ ಶಿಬಿರದಿಂದಲೇ ಮನೆಗೆ ಮರಳುವವರು ಬಹಳ. ಅಂಥವರು ಆಡುವ ಅರ್ಹತೆಯ ಅವಧಿ ಉಳಿದಿದ್ದರೆ ವಿಶ್ವವಿದ್ಯಾಲಯಕ್ಕೆ ಹಿಂತಿರುಗಿ ಓದು, ಆಟ ಎರಡನ್ನೂ ಮುಂದುವರಿಸಬಹುದು. ಇದು ಈ ವ್ಯವಸ್ಥೆಯ ಒಳ್ಳೆಯ ಗುಣ.

ಲೀಗ್ ಈಗ ಬದಲಾವಣೆಯ ಹೊಸ್ತಿಲಲ್ಲಿದೆ. 2027ರಿಂದ ಮೈದಾನವನ್ನು 100 ಗಜಕ್ಕೆ ಇಳಿಸುವುದಾಗಿ 2025ರ ಸೆಪ್ಟೆಂಬರಿನಲ್ಲಿ ಅದು ಪ್ರಕಟಿಸಿತು. ಆಟ ಅಮೆರಿಕದ್ದರಂತೆಯೇ ಆಗಿಬಿಡುತ್ತದೆಂದು ರೂರ್ಕ್ ಸೇರಿದಂತೆ ಹಲವರು ಬಹಿರಂಗವಾಗಿ ವಿರೋಧಿಸಿದರು. ಮೈದಾನ ಹತ್ತು ಗಜ ಕುಗ್ಗಿದರೂ ಆಟ ಬದುಕೀತು. ಅನುಪಾತ ಕುಗ್ಗಿದರೆ ಮಾತ್ರ ಅದರ ಏಟು ಕೆಳಗಿನವರೆಗೂ ತಟ್ಟುತ್ತದೆ. ಮೇಲೆ ಏಳು ಜಾಗಗಳಿರುವುದರಿಂದಲೇ 27 ವಿಶ್ವವಿದ್ಯಾಲಯಗಳ ಹುಡುಗರಿಗೆ ಗುರಿಯಿದೆ, ಅವರನ್ನು ನೋಡಿ ಶಾಲೆಯ ಮಕ್ಕಳು ಆಟಕ್ಕೆ ಬರುತ್ತಾರೆ, ಹಳೆಯ ಆಟಗಾರರು ಊರೂರಲ್ಲಿ ಕೋಚ್‌ಗಳಾಗುತ್ತಾರೆ.

ಕಡಿಮೆ ಜನಸಂಖ್ಯೆಯ ದೇಶವೊಂದು ತನ್ನ ಆಟವನ್ನು ಉಳಿಸಿಕೊಳ್ಳುವುದು ಬಾಗಿಲು ಮುಚ್ಚಿ ಅಲ್ಲ. ಸಿಎಫ್‌ಎಲ್ ಅಮೆರಿಕದವರಿಗೆ ಬಾಗಿಲು ತೆರೆದಿಟ್ಟಿದೆ, 2019ರಿಂದ ಮೆಕ್ಸಿಕೊ, ಯುರೋಪ್ ಮುಂತಾದ ಕಡೆಯ ಆಟಗಾರರಿಗೂ ಪ್ರತ್ಯೇಕ ಡ್ರಾಫ್ಟ್ ನಡೆಸುತ್ತಿದೆ. ಎಲ್ಲರಿಗೂ ಬಾಗಿಲು ತೆರೆದಿರಲಿ, ಮನೆಯ ಮಕ್ಕಳಿಗೂ ಜಾಗವಿರಲಿ ಎನ್ನುವ ಈ ನಡೆ ನ್ಯಾಯದ್ದು. ಆ ಏಳು ಜಾಗಗಳನ್ನು ಕೆನಡಾ ಬಿಟ್ಟುಕೊಡಬಾರದು.